ಚೀಟಿಯ ಕೆಳಗಿನ ಚೀಟಿ

ನಾನು ಒಂದು ಸತ್ತ ಗಿಡ. ಸತ್ತು ಹನ್ನೊಂದು ವರ್ಷವಾಯಿತು. ಆದರೂ ನನ್ನ ಬೇರು, ಕಾಂಡ, ಎಲೆ, ಹೂವು ಎಲ್ಲವೂ ಇವೆ. ದಪ್ಪನೆಯ ಬಿಳಿ ಹಾಳೆಯ ಮೇಲೆ ನನ್ನನ್ನು ದಾರದಿಂದ ಹೊಲಿದಿದ್ದಾರೆ. ನನ್ನಂಥ ಸಾವಿರಾರು ಒಣಗಿಡಗಳನ್ನು ಕಾಪಾಡುವ ಈ ಕೋಣೆಗೆ ಹರ್ಬೇರಿಯಂ ಎಂದು ಹೆಸರು. ನನ್ನ ನಂಬರು ೨೭೧೪. ಒಬ್ಬ ಮನುಷ್ಯನ ಮೇಲಿನ ಸಿಟ್ಟು ನನ್ನನ್ನು ಇಷ್ಟು ವರ್ಷ ಪುಡಿಯಾಗದಂತೆ ಹಿಡಿದಿಟ್ಟಿದೆ. ಆ ಸಿಟ್ಟಿನ ಕಥೆಯೇ ಇದು.

ನಾನು ಹುಟ್ಟಿದ್ದು ಕಪ್ಪತಗುಡ್ಡದ ಒಂದು ಕೆಂಪು ಬಂಡೆಯ ಸಂದಿನಲ್ಲಿ. ನಮ್ಮದು ಮೊಣಕಾಲುದ್ದದ ಜಾತಿ. ಎಲೆ ಸಣ್ಣದು, ಹೂವು ಅದಕ್ಕಿಂತ ಸಣ್ಣದು. ಅಲ್ಲಿಯ ಕುರಿಗಾರರು ನಮ್ಮನ್ನು ಕೀವುಸೊಪ್ಪು ಎನ್ನುತ್ತಿದ್ದರು. ನಮ್ಮ ಗುಣವನ್ನು ಪೂರ್ತಿ ಬಲ್ಲವಳು ಮಾಳವ್ವ ಒಬ್ಬಳೇ. ಕುರಿಗಳ ಗೊರಸಿನಲ್ಲಿ ಹುಣ್ಣಾದರೆ, ಮನುಷ್ಯರ ಕಾಲಿನ ಗಾಯ ತಿಂಗಳುಗಟ್ಟಲೆ ಮಾಯದಿದ್ದರೆ, ಜನ ಅವಳ ಗುಡಿಸಲಿಗೆ ಬರುತ್ತಿದ್ದರು. ಎಲೆ ಕೀಳುವಾಗ ಅವಳು ಬೇರಿಗೆ ಕೈ ಹಚ್ಚುತ್ತಿರಲಿಲ್ಲ. ಒಂದು ಗಿಡದಿಂದ ನಾಲ್ಕೇ ಎಲೆ ಕಿತ್ತು ಮುಂದಿನ ಗಿಡಕ್ಕೆ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳ ಹಿಂದೆ ಜುಬೇದಾ ನದಾಫ ಎಂಬ ಹುಡುಗಿ ಬಂದಳು. ಕಾಲೇಜಿನಲ್ಲಿ ಔಷಧಿ ಗಿಡಗಳ ಮೇಲೆ ಸಂಶೋಧನೆ ಮಾಡುತ್ತಿದ್ದವಳು. ಆರು ತಿಂಗಳು ಗುಡ್ಡ ಹತ್ತಿಳಿದ ಮೇಲೆ ಮಾಳವ್ವ ಅವಳಿಗೆ ನಮ್ಮ ಜಾಗ ತೋರಿಸಿದ್ದಳು.

"ಒಂದು ಗಿಡ ಬೇರು ಸಮೇತ ಬೇಕ್ರಿ ಅವ್ವಾ," ಎಂದಳು ಜುಬೇದಾ. "ಗುರುತಿಗೆ ಇಡಬೇಕು."

ಮಾಳವ್ವ ಸಂದಿನಲ್ಲಿದ್ದ ಗಿಡಗಳನ್ನು ಒಂದೊಂದಾಗಿ ಎಣಿಸಿದಳು. ಕೊನೆಗೆ, "ಒಂದ ಒಯ್ಯಿ ತಂಗಿ. ಜಾಗ ಮಾತ್ರ ಯಾರಿಗೂ ಹೇಳಬ್ಯಾಡ," ಎಂದಳು.

ಆ ಒಂದು ಗಿಡ ನಾನು. ಕಿತ್ತಾಗ ನೋವಾಯಿತು. ಆದರೆ ಆ ಹುಡುಗಿ ನನ್ನ ಬೇರಿನ ಮಣ್ಣನ್ನು ಬೆರಳಿನಿಂದ ಬಿಡಿಸಿದ ರೀತಿ ನೋಡಿ ಅವಳನ್ನು ಅಲ್ಲೇ ಕ್ಷಮಿಸಿದೆ.

ಹಳೆಯ ಪತ್ರಿಕೆಗಳ ನಡುವೆ ನನ್ನನ್ನು ಒತ್ತಿ ಒಣಗಿಸಿದರು. ಹಾಳೆಗೆ ಹೊಲಿದ ಮೇಲೆ ಜುಬೇದಾ ಬಲಗಡೆಯ ಮೂಲೆಯಲ್ಲಿ ಒಂದು ಚೀಟಿ ಅಂಟಿಸಿದಳು. ಶಾಯಿ ಹರಡೀತೆಂದು ಪೆನ್ಸಿಲಿನಲ್ಲಿ ಬರೆದಳು. ಊರು, ತಾರೀಖು, ಆಮೇಲೆ ಈ ಸಾಲುಗಳು: "ತಿಳಿಸಿದವರು: ಮಾಳವ್ವ, ಕುರಿಗಾರರು. ಮಾಯದ ಹುಣ್ಣಿಗೆ ಮದ್ದು. ಹಸಿ ಎಲೆ ಹಚ್ಚಿದರೆ ಉಪಯೋಗವಿಲ್ಲ. ಆಡಿನ ಹುಳಿ ಮಜ್ಜಿಗೆಯಲ್ಲಿ ಮೂರು ದಿನ ನೆನೆಸಿ ಹಚ್ಚಬೇಕು." ಅದರ ಮೇಲೆ ಕಾಲೇಜಿನ ಮೊಹರು ಬಿತ್ತು.

ಜುಬೇದಾಳ ಮಾರ್ಗದರ್ಶಕ ಡಾಕ್ಟರ್ ಹಂಪಣ್ಣವರ ಎಂಬವನು. ಅವನು ಮೊದಲು, ಮಾಳವ್ವ ಕಿತ್ತುಕೊಟ್ಟಿದ್ದ ನಮ್ಮ ಜಾತಿಯ ಎಲೆಗಳನ್ನು ಆಲ್ಕೋಹಾಲಿನಲ್ಲಿ ಕುದಿಸಿ ಇಲಿಗಳ ಗಾಯಕ್ಕೆ ಹಚ್ಚಿಸಿದ. ಏನೂ ಆಗಲಿಲ್ಲ. "ಇದು ಹಳ್ಳಿ ಮೂಢನಂಬಿಕೆ, ಬಿಟ್ಟುಬಿಡು," ಎಂದ. ಜುಬೇದಾ ಬಿಡಲಿಲ್ಲ. ಮಾಳವ್ವ ಹೇಳಿದಂತೆ ಮಜ್ಜಿಗೆಯಲ್ಲಿ ನೆನೆಸಿದಳು. ಹುಳಿಗೆ ಎಲೆಯೊಳಗಿನ ವಸ್ತು ಒಡೆದು ಬೇರೆಯದೇ ಆಯಿತು. ಹತ್ತು ದಿನದಲ್ಲಿ ಇಲಿಗಳ ಗಾಯ ಕೂಡಿಕೊಂಡಿತು. ಅಂದು ಅವನು ಪ್ರಯೋಗಾಲಯದ ಬಾಗಿಲು ಹಾಕಿ, "ಇದನ್ನ ಯಾರ ಮುಂದೂ ಬಾಯಿ ಬಿಡಬೇಡ," ಎಂದನಂತೆ.

ಒಂದು ವರ್ಷದ ನಂತರ ಅವನು ಪೇಟೆಂಟಿಗೆ ಅರ್ಜಿ ಹಾಕಿದ. ಹುಳಿಯಲ್ಲಿ ಎಲೆ ನೆನೆಸುವ ವಿಧಾನ ಕಂಡುಹಿಡಿದವನು ತಾನೇ, ಬೇರೆ ಯಾರೂ ಇದನ್ನು ಮಾಡಕೂಡದು ಎಂಬ ಹಕ್ಕಿಗಾಗಿ. ಜುಬೇದಾ ಕೇಳಲು ಹೋದದ್ದು ಇದೇ ಕೋಣೆಗೆ. ನಾನು ಮೇಜಿನ ಮೇಲಿದ್ದೆ.

"ಸರ್, ಮಾಳವ್ವನ ಹೆಸರು ಎಲ್ಲಿ?"

"ಯಾವ ಮಾಳವ್ವ? ಕುರಿ ಕಾಯೋ ಹೆಂಗಸು ಕೆಮಿಸ್ಟ್ರಿ ಮಾಡ್ತಾಳೇನು? ನಿನ್ನ ಥೀಸಿಸ್ ನನ್ನ ಮೇಜಿನ ಮೇಲಿದೆ, ನೆನಪಿರಲಿ."

ಥೀಸಿಸ್ ಆ ಮೇಜು ಬಿಟ್ಟು ಏಳಲೇ ಇಲ್ಲ. ಗುಡ್ಡದಲ್ಲಿ ಅವಳು ಬರೆದುಕೊಂಡ, ನಮ್ಮ ಜಾಗದ ಗುರುತೂ ಇದ್ದ ನೋಟ್‌ಬುಕ್ಕೂ ಅವನ ಬಳಿಯೇ ಉಳಿಯಿತು. ಜುಬೇದಾ ಕಾಲೇಜು ಬಿಟ್ಟು ರೋಣದ ಒಂದು ಶಾಲೆಯಲ್ಲಿ ಪಾಠ ಹೇಳಲು ಸೇರಿದಳು.

ಅವಳು ಹೋದ ವಾರ ಹಂಪಣ್ಣವರ ಒಬ್ಬನೇ ಬಂದ. ಗಿಡಗಳ ವಿವರ ಬರೆಯುವ ರಿಜಿಸ್ಟರಿನಿಂದ ನನ್ನ ಪುಟ ಹರಿದು ಜೇಬಿಗೆ ಹಾಕಿಕೊಂಡ. ನನ್ನ ಚೀಟಿ ಕೀಳಲು ನೋಡಿದ, ಹಾಳೆಯೇ ಹರಿಯುವಂತಾಯಿತು. ಆಗ ಜವಾನ ಫಕ್ಕೀರಪ್ಪನಿಂದ ಮೈದಾ ಅಂಟು ತರಿಸಿ ಅದರ ಮೇಲೆ ಹೊಸ ಚೀಟಿ ಅಂಟಿಸಿದ: "ಸಂಗ್ರಹಿಸಿದವರು: ಡಾ. ಹಂಪಣ್ಣವರ." ಅಷ್ಟೇ. ನನ್ನನ್ನು ಸುಟ್ಟುಬಿಡಬಹುದಿತ್ತು. ಆದರೆ ಗಿಡದ ಗುರುತಿಗೆಂದು ಅರ್ಜಿಯಲ್ಲಿ ನನ್ನ ನಂಬರನ್ನೇ ಬರೆದು ಕಳಿಸಿದ್ದ. ನಾನಿಲ್ಲದೆ ಅವನ ಪೇಟೆಂಟೂ ಇಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಾಯಿತು. ನನ್ನನ್ನು ಕಬ್ಬಿಣದ ಬೀರುವಿಗೆ ಹಾಕಿ ಬೀಗ ಜಡಿದ. "ಈ ಬೀರು ಯಾರೂ ತೆಗೀಬಾರದು. ಹುಳದ ಗುಳಿಗೆ ಹಾಕೋದಕ್ಕೂ ಬೇಡ," ಎಂದು ಫಕ್ಕೀರಪ್ಪನಿಗೆ ಹೇಳಿದ.

ಡಾಂಬರು ಗುಳಿಗೆಯಿಲ್ಲದ ಬೀರುವಿಗೆ ಎರಡನೆಯ ವರ್ಷ ಹುಳು ಬಂದವು, ಕಾಗದ ತಿನ್ನುವ ಸಣ್ಣ ಬಿಳಿ ಹುಳುಗಳು. ಒಣಗಿಡಕ್ಕೆ ಅದಕ್ಕಿಂತ ದೊಡ್ಡ ಹೆದರಿಕೆ ಇಲ್ಲ. ನನ್ನ ಎರಡು ಎಲೆಗಳನ್ನು ತಿಂದು ಜಾಲರಿ ಮಾಡಿದವು. ಆಮೇಲೆ ಅವಕ್ಕೆ ಮೈದಾ ಅಂಟಿನ ರುಚಿ ಸಿಕ್ಕಿತು. ಹೊಸ ಚೀಟಿಯ ಅಡಿಗೆ ನುಗ್ಗಿದವು. ತಿನ್ನಿ, ತಿನ್ನಿ, ನನ್ನ ಇನ್ನೆರಡು ಎಲೆ ಹೋದರೂ ಚಿಂತೆಯಿಲ್ಲ ಎಂದು ನಾನು ಕತ್ತಲಲ್ಲಿ ಕಾದೆ.

ಮೂರನೆಯ ವರ್ಷ ಬೀರುವಿನ ಹೊರಗೆ ಜುಬೇದಾಳ ದನಿ ಕೇಳಿಸಿತು. ಅವಳು ಫಕ್ಕೀರಪ್ಪನಿಗೆ ಹೇಳುತ್ತಿದ್ದಳು. ಹಂಪಣ್ಣವರನಿಂದ ಮದ್ದು ಮಾಡುವ ಹಕ್ಕು ಕೊಂಡ ಕಂಪನಿಯವರ ಲಾರಿ ಗುಡ್ಡಕ್ಕೆ ಬಂದಿತ್ತಂತೆ. ಗೋಣಿಚೀಲಗಳಲ್ಲಿ ನಮ್ಮವರನ್ನು ಬೇರು ಸಮೇತ ತುಂಬಿಕೊಂಡು ಹೋದರಂತೆ. ಎರಡು ಮಳೆಗಾಲ ಕಳೆದರೂ ಆ ಇಳಿಜಾರಿನಲ್ಲಿ ಒಂದು ಸಸಿ ಕಾಣಲಿಲ್ಲವಂತೆ. ಅಷ್ಟರಲ್ಲಿ ಶುಗರ್ ಇದ್ದ ಮಾಳವ್ವನ ಕಾಲಿಗೆ ಮುಳ್ಳು ಚುಚ್ಚಿ ಹುಣ್ಣಾಯಿತು. ಊರಿನವರ ಹುಣ್ಣನ್ನೆಲ್ಲ ಮಾಯಿಸಿದವಳು ತನಗಾಗಿ ನಾಲ್ಕು ಎಲೆ ಹುಡುಕುತ್ತ ಕುಂಟಿಕೊಂಡು ಗುಡ್ಡವೆಲ್ಲ ತಿರುಗಿದಳು. ಜುಬೇದಾಳಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಆಸ್ಪತ್ರೆಯಲ್ಲಿ ಆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿಯಾಗಿತ್ತು. ಉಳಿದ ಗಾಯಕ್ಕೆ ನರ್ಸು ಒಂದು ಹೊಸ ಮುಲಾಮು ತಂದಳು. ಮಾಳವ್ವ ಅದನ್ನು ಮೂಗಿನ ಹತ್ತಿರ ಹಿಡಿದು, "ಇದು ನನ್ನ ಮಜ್ಜಿಗಿ ವಾಸನಿ," ಎಂದು ಟ್ಯೂಬನ್ನು ಗೋಡೆಗೆ ಎಸೆದಳು. "ತಂಗಿ, ಅಳಬ್ಯಾಡ. ಆ ಮನಿಷಾನ್ನ ನನ್ನ ಮುಂದ ತಂದು ನಿಂದ್ರಸು."

ಫಕ್ಕೀರಪ್ಪ ದನಿ ತಗ್ಗಿಸಿ ಹೇಳಿದ: "ನಿಮ್ಮ ಚೀಟಿ ಒಳಗ ಐತ್ರೀ ಅಕ್ಕಾರ. ಸಾಹೇಬ್ರು ಕಿತ್ತಿಲ್ಲ. ಅದರ ಮ್ಯಾಲ ಅಂಟಿಸ್ಯಾರ. ಅಂಟು ನಾನ ತಂದುಕೊಟ್ಟೀನಿ."

ಹಂಪಣ್ಣವರನಿಗೆ ಸಿಕ್ಕಿದ್ದ ಪೇಟೆಂಟಿನ ವಿರುದ್ಧ ಜುಬೇದಾ ಪೇಟೆಂಟ್ ಕಚೇರಿಗೆ ಆಕ್ಷೇಪಣೆ ಬರೆದಳು. ವಿಚಾರಣೆಯ ದಿನ ೨೭೧೪ನೇ ಹಾಳೆಯನ್ನೇ ತರಬೇಕೆಂದು ಆದೇಶವಾಯಿತು. ಹಂಪಣ್ಣವರ ಬೀಗ ತೆಗೆದು, ಅವಸರದಲ್ಲಿ ನನ್ನನ್ನು ಲಕೋಟೆಗೆ ಹಾಕಿ ಮೊಹರು ಮಾಡಿದ. ಬಗ್ಗಿ ನೋಡಲಿಲ್ಲ. ಅವನ ದೃಷ್ಟಿಯಲ್ಲಿ ನಾನು ಒಣ ಕಸ.

ಕಚೇರಿಯಲ್ಲಿ ಅಧಿಕಾರಿಯೊಬ್ಬರು ಲಕೋಟೆ ತೆರೆದು ನನ್ನನ್ನು ಹೊರಗೆಳೆದರು. ಹಂಪಣ್ಣವರನ ಚೀಟಿ ಜಾರಿ, ಅವರ ಮೇಜಿನ ಮೇಲೆ ಮಗುಚಿ ಬಿತ್ತು. ಅದರ ಹಿಂದೆ ಒಂದು ಹನಿ ಅಂಟೂ ಉಳಿದಿರಲಿಲ್ಲ. ಕೆಳಗಿನ ಚೀಟಿಯಲ್ಲಿ ಪೆನ್ಸಿಲಿನ ಬರಹ, ಮೊಹರು, ತಾರೀಖು ಎಲ್ಲ ಸ್ವಚ್ಛವಾಗಿದ್ದವು. ಅಧಿಕಾರಿ ಗಟ್ಟಿಯಾಗಿ ಓದಿದರು. ಮಜ್ಜಿಗೆಯ ಸಾಲನ್ನು ಎರಡು ಸಲ ಓದಿದರು.

"ಮಾಳವ್ವ ಅನ್ನುವವರು ಯಾರು?"

"ನಾನ್ರಿ," ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ಊರುಗೋಲು ಊರಿಕೊಂಡು ಅವಳು ಎದ್ದು ನಿಂತಳು.

ಹಂಪಣ್ಣವರನ ಮುಖದ ರಕ್ತ ಇಳಿಯುವುದನ್ನು ನಾನು ಮೇಜಿನ ಮೇಲೆ ಅಂಗಾತ ಮಲಗಿಯೇ ನೋಡಿದೆ. ಇನ್ನೂ ನೋಡಬೇಕೆನಿಸಿತು. ಅವನು ಅವಳ ಹತ್ತಿರ ಹೋಗಿ ಕೈ ಜೋಡಿಸಿದ.

"ಅಮ್ಮಾ, ತಪ್ಪಾಗಿದೆ. ಹೊರಗೆ ಕೂತು ಮಾತಾಡಿ ಬಗೆಹರಿಸೋಣ."

"ನನ್ನ ಕಾಲ ತಂದುಕೊಡು," ಎಂದಳು ಮಾಳವ್ವ. "ಆಮ್ಯಾಲ ಮಾತಾಡೂಣು."

ಪೇಟೆಂಟ್ ರದ್ದಾಯಿತು. ದಾಖಲೆ ತಿದ್ದಿದ್ದಕ್ಕೆ ಹಂಪಣ್ಣವರನ ಕೆಲಸ ಹೋಯಿತು. ಅವನು ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿಕೊಂಡು ಈ ಕೋಣೆಯ ಮುಂದೆ ಹಾದು ಹೋದಾಗ ಫಕ್ಕೀರಪ್ಪ ನನ್ನ ಹಾಳೆಗೆ ಹೊಸ ಗುಳಿಗೆ ಇಡುತ್ತಿದ್ದ. ಆ ದಿನದಷ್ಟು ಸಂತೋಷ ನನಗೆ ಗುಡ್ಡದ ಮೊದಲ ಮಳೆಯಲ್ಲೂ ಆಗಿರಲಿಲ್ಲ. ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಜುಬೇದಾಳಿಗೆ ಡಿಗ್ರಿ ಸಿಕ್ಕಿತು. ಈಗ ಈ ಕೋಣೆ ಅವಳ ಸುಪರ್ದಿನಲ್ಲಿದೆ. ಅವಳು ಮತ್ತೆ ಮಾಳವ್ವನ ಬಳಿಗೆ ಹೋಗಿದ್ದಳು. ಮಾಳವ್ವನಿಗೆ ಜ್ವರದ, ಬಾಣಂತಿಯರ, ಹಾವಿನ ವಿಷದ ಸೊಪ್ಪು ಸೇರಿ ಇನ್ನೂ ಹನ್ನೆರಡು ಸೊಪ್ಪುಗಳು ಗೊತ್ತೆಂದು ಊರಿನವರಿಂದ ಕೇಳಿ ತಿಳಿದಿದ್ದಳು. ಈ ಸಲ ಎಲ್ಲದರ ಮೇಲೂ ಮಾಳವ್ವನದೇ ಹೆಸರಿರುತ್ತದೆ ಎಂದು ಮಾತು ಕೊಟ್ಟಳು.

"ನಿನ್ನ ಮ್ಯಾಲ ನನಗ ಸಿಟ್ಟಿಲ್ಲ ತಂಗಿ," ಎಂದಳಂತೆ ಮಾಳವ್ವ. "ನೀ ಛಲೋ ಹುಡುಗಿ. ಆದ್ರ ಹನ್ನೆರಡು ಸೊಪ್ಪಿನಾಗ ಒಂದೂ ಹೇಳಂಗಿಲ್ಲ. ನಿಮ್ಮ ಮಂದಿಗೆ ಇದ ನನ್ನ ಶಿಕ್ಷಾ."

ಜುಬೇದಾ ನಾಲ್ಕು ಸಲ ಹೋದಳು, ನಾಲ್ಕು ಸಲವೂ ಬರಿಗೈಯಲ್ಲಿ ಬಂದಳು. ಕಳೆದ ವರ್ಷ ಮಾಳವ್ವ ತೀರಿಕೊಂಡಳು.

ಜುಬೇದಾ ಹನ್ನೆರಡು ಹಾಳೆಗಳಿಗೆ ಮೊದಲೇ ನಂಬರು ಹಾಕಿ, ಚೀಟಿ ಅಂಟಿಸಿ, ಮಾಳವ್ವನ ಹೆಸರು ಬರೆದಿಟ್ಟಿದ್ದಳು. ಅವು ನನ್ನ ಪಕ್ಕದಲ್ಲೇ ಖಾಲಿ ಇವೆ. ಅವಳು ಕೆಲವೊಮ್ಮೆ ಬಂದು ಅವನ್ನು ತೆರೆದು ನೋಡಿ ಹಾಗೆಯೇ ಮುಚ್ಚುತ್ತಾಳೆ. ಹಾವು ಕಚ್ಚಿ ಮದ್ದು ಸಿಗದ ಯಾವುದೋ ಕೂಸಿನ ಯೋಚನೆ ಅವಳಿಗೆ ಬರುತ್ತಿರಬೇಕು. ನನಗೂ ಬರುತ್ತದೆ. ಆದರೂ ಯಾರ ಪಕ್ಷ ಎಂದು ಕೇಳಿದರೆ ನಾನು ಮಾಳವ್ವನ ಪಕ್ಷ. ಆ ಹನ್ನೆರಡು ಗಿಡಗಳು ಗುಡ್ಡದಲ್ಲಿ ಎಲ್ಲೋ ಹೂ ಬಿಡುತ್ತಿರಬೇಕು, ಕುರಿಗಳು ಅವನ್ನು ಮೇಯುತ್ತಿರಬೇಕು. ಮನುಷ್ಯರು ಮಾತ್ರ ಅವುಗಳನ್ನು ತುಳಿದುಕೊಂಡೇ ಔಷಧಿ ತರಲು ಪೇಟೆಗೆ ಹೋಗುತ್ತಿರಬೇಕು.