ಕೋಟಿನ ನಕ್ಷೆಗೊಂದು ಲೈಬ್ರರಿ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಗುರುವಾರ, ಹೊಲಿಗೆ ಅಂಗಡಿಯೊಂದರ ಮಹಡಿಯ ಮೇಲೆ, ಮಾತು ಕೊಟ್ಟು ಸಿಕ್ಕಿಹಾಕಿಕೊಂಡ ಹುಡುಗಿಯೊಬ್ಬಳಿದ್ದಳು. ಕೆಳಗೆ ಅವಳ ಚಿಕ್ಕಮ್ಮ ಕತ್ತರಿ ಹಿಡಿದು ಕಾಯುತ್ತಿದ್ದಳು. ಗಿರಾಕಿ ಕೊಟ್ಟ ಉಣ್ಣೆಬಟ್ಟೆ ಇದ್ದದ್ದೇ ಒಂದು ತುಂಡು. ಸಂಜೆಯೊಳಗೆ ಕೋಟಿಗೆ ಕತ್ತರಿಸಬೇಕು. ನಕ್ಷೆ ಬರೆಯುವುದು ಹಳೆಯದೊಂದು ಜಾವಾ ಪ್ರೋಗ್ರಾಂ. ಅದಕ್ಕೆ ಗೆರೆ ಎಳೆದುಕೊಡುವ ಗ್ರಾಫಿಕ್ಸ್ ಲೈಬ್ರರಿ ಎಂಬ ಕೋಡಿನ ಕಟ್ಟೋ, ಹೊಸ ಕಂಪ್ಯೂಟರಿನಲ್ಲಿ ಜಪ್ಪಯ್ಯ ಅಂದರೂ ಏಳಲೊಲ್ಲದು.

"ಇದಕ್ಕೆ ಹೊಂದೋದು ರೆಡಿಯಾಗಿ ಸಿಗಲ್ಲ ಚಿಕ್ಕಮ್ಮ. ಸೋರ್ಸ್ ಕೋಡ್ ಇದೆಯಲ್ಲ, ಅದರಿಂದ ನಾನೇ ಹೊಸದಾಗಿ ಬಿಲ್ಡ್ ಮಾಡ್ತೀನಿ. ನಾಲ್ಕು ಗಂಟೆಗೆ ನಕ್ಷೆ ನಿನ್ನ ಮೇಜಿನ ಮೇಲಿರುತ್ತೆ."

"ಯಾವಾಗಲೂ ಮೋಡದಲ್ಲೇ ತೇಲ್ತಿರ್ತೀಯ, ಮೊದಲು ಕೆಳಗಿಳಿ ತಾಯಿ," ಎಂದಿದ್ದಳು ಚಿಕ್ಕಮ್ಮ.

ಹುಡುಗಿ ಕೆಲಸಕ್ಕಿಳಿದಳು. ಕೋಡೆಲ್ಲ ಸರಸರನೆ ಕೂಡಿಕೊಂಡಿತು. ಉಳಿದದ್ದು ಕೊನೆಯ ಪರೀಕ್ಷೆ: ಲೈಬ್ರರಿ ತಾನೇ ಪರದೆಯ ಮೇಲೆ ಮೌಸಿನ ಬಾಣವನ್ನು ಓಡಿಸಿ, ಗೆರೆ ಬರೆದು, ಸರಿಯಿದೆಯೇ ಎಂದು ನೋಡಿಕೊಳ್ಳಬೇಕು. ಅದಕ್ಕೆ ಇಪ್ಪತ್ತು ನಿಮಿಷ. ಚಿಕ್ಕಮ್ಮನನ್ನು ಸಮಾಧಾನ ಮಾಡಲು ಕೆಳಗೆ ಹೋಗಿಬಂದರೆ, ಪರದೆಯ ತುಂಬ ಕೆಂಪು ಅಕ್ಷರ. ಫೇಲ್!

ಜಾವಾದ ಬೇರೆ ಆವೃತ್ತಿ ಹಾಕಿ, ಪರೀಕ್ಷೆ ಮತ್ತೆ ಹಚ್ಚಿ, ಚಹಾ ತರಲು ಹೋದಳು. ಬಂದರೆ ಮತ್ತೆ ಫೇಲ್. ಪರೀಕ್ಷೆ ಬಿಟ್ಟೇ ಮುಗಿಸಬಹುದಿತ್ತು. ಆದರೆ ಒಂದು ಗೆರೆ ವಾರೆಯಾದರೆ ಕೋಟೇ ವಾರೆ, ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲ.

"ರಾಕ್ಷಸನ ಜೀವ ಎಲ್ಲೋ ಅಡಗಿದೆ ಅಜ್ಜಿ," ಎಂದಳು ಕೆನ್ನೆಗೆ ಕೈಯಿಟ್ಟು. ಮೊದಲಿನಿಂದಲೂ ಪಕ್ಕದ ಕುರ್ಚಿಯಲ್ಲೇ ಕೂತು ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತಿದ್ದ ಅಜ್ಜಿಗೆ ಇಂಥ ಮಾತು ಹೊಸದಲ್ಲ. ಅಂಥ ಕಥೆಗಳನ್ನು ಹೇಳಿ ಮೊಮ್ಮಗಳನ್ನು ಬೆಳೆಸಿದ್ದೇ ಅವಳು.

"ಹುಡುಕು ಮಗಳೇ, ಸಿಗುತ್ತೆ."

ಮೂರನೆಯ ಸಲ ಪರೀಕ್ಷೆ ಹಚ್ಚಿ, ಅರ್ಧ ಮೆಟ್ಟಿಲಿಳಿದವಳು, ಚಹಾದ ಲೋಟ ಮರೆತದ್ದು ನೆನಪಾಗಿ ತಿರುಗಿ ಬಂದಳು. ಬಾಗಿಲಲ್ಲೇ ಕಲ್ಲಾದಳು. ಅಜ್ಜಿ ಮೌಸನ್ನು ಬಿಗಿಮುಷ್ಟಿಯಲ್ಲಿ ಹಿಡಿದು, ಓಡುತ್ತಿದ್ದ ಬಾಣವನ್ನು ಪರದೆಯ ಮೂಲೆಗೆ ದಬ್ಬುತ್ತಿದ್ದಳು.

"ಅಜ್ಜೀ! ಏನ್ ಮಾಡ್ತಿದೀಯ?"

"ನೀನು ಆಚೆ ಹೋದ್ರೆ ಸಾಕು ಕಣೇ, ಇದು ತಾನಾಗೇ ಎದ್ದು ಕುಣಿಯುತ್ತೆ! ನಿನ್ನ ಕೆಲಸ ಕೆಡಿಸೀತು ಅಂತ ಮೂಲೇಲಿ ಕೂರಿಸ್ತಿದೀನಿ. ಮೂರು ಸಲದಿಂದ ಕೈ ನೋಯ್ತಿದೆ, ಒಂದು ಒಳ್ಳೆ ಮಾತಾದ್ರೂ ಆಡಬಾರದಾ?"

ಹುಡುಗಿ ಬಿದ್ದೂ ಬಿದ್ದೂ ನಕ್ಕಳು. "ಕುಣಿಯೋದೇ ಅದರ ಪರೀಕ್ಷೆ ಕಣಜ್ಜಿ!"

"ಅಯ್ಯೋ, ಹಾಗಾದ್ರೆ ರಾಕ್ಷಸಿ ನಾನೇನಾ?"

ನಾಲ್ಕನೆಯ ಸಲ ಅಜ್ಜಿ ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಳು. ಬಾಣ ಹತ್ತಿರ ಬಂದಾಗಲೆಲ್ಲ ಭುಜ ಅದುರುತ್ತಿತ್ತು. "ಓಡು, ಓಡು, ನಾನೇನೂ ಮಾಡಲ್ಲ," ಎಂದು ಬಾಣಕ್ಕೇ ಧೈರ್ಯ ಹೇಳಿದಳು. ಇಪ್ಪತ್ತು ನಿಮಿಷ ಇಬ್ಬರೂ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಪರದೆಗೆ ಹಸಿರು ಅಕ್ಷರ ಬಂತು. ಪಾಸ್!

ಲೈಬ್ರರಿಯನ್ನು ಪ್ರೋಗ್ರಾಂಗೆ ಜೋಡಿಸಿದ್ದೇ ಪ್ರಿಂಟರಿನಿಂದ ನಕ್ಷೆಯ ಹಾಳೆಗಳು ಒಂದೊಂದೇ ಜಾರಿದವು: ತೋಳು, ಬೆನ್ನು, ಕಾಲರು. ಹುಡುಗಿ ಅಂಟಿಸಿ ಕೆಳಗೊಯ್ದಳು. ಚಿಕ್ಕಮ್ಮ ಭುಜದ ಗೆರೆಗೆ ಟೇಪು ಹಿಡಿದಳು, ಇನ್ನೊಮ್ಮೆ ಹಿಡಿದಳು.

"ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ," ಎಂದು ಗಡಿಯಾರ ನೋಡಿದಳು. "ನಾಲ್ಕಕ್ಕೆ ಇನ್ನೂ ಮೂರು ನಿಮಿಷ ಇದೆ. ಮೋಡದವರೂ ಮಾತು ಉಳಿಸಿಕೊಳ್ತಾರೆ, ಪರವಾಗಿಲ್ಲ."

ನಕ್ಷೆಗೆ ಗುಂಡುಸೂಜಿ ಚುಚ್ಚಿದಳು. ಕರಕರನೆ ಕತ್ತರಿ ಉಣ್ಣೆಯೊಳಗೆ ಇಳಿಯಿತು.