ಟೇಪಿನ ಕೆಳಗಿನ ಸಾಲು

ಹತ್ತನೆಯ ಚಾಂದ್ರಮಾಸದ ಕೊನೆಯ ವಾರ. ಮಳೆ ಹಿಂದೆ ಸರಿದು, ಸಮುದ್ರದ ಕಡೆಯಿಂದ ಒಣಗಾಳಿ ಏಳತೊಡಗಿತ್ತು. ಕೊಯ್ದ ಜೊಂಡನ್ನು ಕಾಲುವೆಯ ಎರಡೂ ದಂಡೆಯ ಮೇಲೆ ಹರವಿದ್ದರು. ಹಸಿರು ಹೋಗಿ ಬಿಳಿಚಿಕೊಳ್ಳಲು ಅದಕ್ಕೆ ಮೂರು ಬಿಸಿಲು ಬೇಕು. ನಡುವೆ ಒಂದು ಹನಿ ಬಿದ್ದರೂ ಕಪ್ಪು ಕಲೆ ಕೂತು ಚಾಪೆಯನ್ನು ಕೇಳುವವರೇ ಇರುವುದಿಲ್ಲ. ಹಾಗಾಗಿ ಊರಿನ ಹೆಂಗಸರೆಲ್ಲ ಒಂದು ಕಣ್ಣನ್ನು ಮುಗಿಲ ಮೇಲಿಟ್ಟೇ ಕೆಲಸ ಮಾಡುತ್ತಿದ್ದರು.

ಲುವಾ ಹೊತ್ತು ಮೂಡುವ ಮೊದಲೇ ಮಗ್ಗದ ಕೊಟ್ಟಿಗೆಯಲ್ಲಿ ಕೂತಿದ್ದಳು. ಚಾಪೆಯ ಮಗ್ಗಕ್ಕೆ ಇಬ್ಬರು ಬೇಕು: ಒಬ್ಬರು ಕೋಲಿನ ತುದಿಗೆ ಜೊಂಡಿನ ಎಳೆ ಸಿಕ್ಕಿಸಿ ಒಳಗೆ ತಳ್ಳಬೇಕು, ಇನ್ನೊಬ್ಬರು ಹಣಿಗೆಯಿಂದ ಬಡಿಯಬೇಕು. ಹಣಿಗೆ ಹಿಡಿಯುವವಳು ಲುವಾ. ಎಳೆ ತಳ್ಳುವವಳು ಪಕ್ಕದ ಮನೆಯ ಮೆನ್. ಅವಳ ಕೈಯಷ್ಟೇ ಜೋರಾಗಿ ಬಾಯಿಯೂ ಓಡುತ್ತಿತ್ತು.

"ನಿಮ್ಮ ದೊಡ್ಡಣ್ಣ ಟೀವಿ ತರ್ತಾರಂತಲ್ಲೇ, ನಿಮ್ಮಮ್ಮನ ವರ್ಷದ ತಿಥಿಗೆ? ಆಚೆ ದಂಡೆಯಿಂದ ಈಚೆ ದಂಡೆವರೆಗೂ ಅದೇ ಮಾತು."

"ಹೂಂ."

"ಹೂಂ ಅಂದ್ರೆ ಸಾಕೇನೇ? ಎಷ್ಟು ದೊಡ್ಡದು?"

"ಇವತ್ತು ಬಂದು ಅಳತೆ ನೋಡ್ತಾರೆ."

"ದೊಡ್ಡದೇ ತರಿಸು. ಊಟ ಆದ್ಮೇಲೆ ಮೈಕು ಹಿಡಿದು ಹಾಡೋವಾಗ ಪರದೆ ಮೇಲೆ ಬರೋ ಹಾಡಿನ ಅಕ್ಷರ ನಮ್ಮ ಅಂಗಳಕ್ಕೂ ಕಾಣ್ಲಿ. ನನ್ನ ಗಂಡ ಕುಡಿದ ಮೇಲೆ ಹತ್ತಿರದ್ದೂ ಕಾಣಲ್ಲ ಅವನಿಗೆ."

ಲುವಾ ನಗಲಿಲ್ಲ. ಅವಳು ಹಿಂದಿನ ದಿನವೇ ನಡುಮನೆಯನ್ನು ಅಳೆದಿದ್ದಳು. ಟೀವಿ ಇಡಬೇಕಾದ ಬಲಗೋಡೆಯಿಂದ ಎದುರಿನ ಹಲಗೆಯ ಗೋಡೆಗೆ ಏಳೇ ಅಡಿ. ಆ ಹಲಗೆಗಳ ಹಿಂದಿನದು ಅವಳ ಕೋಣೆ. ಕಾಲುವೆಗೆ ತೆರೆಯುವ ಒಂದು ಕಿಟಕಿ, ಒಂದು ಮಂಚ, ಒಂದು ಪೆಟ್ಟಿಗೆ. ಲಕ್ವ ಹೊಡೆದ ತಾಯಿಯನ್ನು ಹನ್ನೊಂದು ವರ್ಷ ಮಗ್ಗುಲು ಬದಲಿಸಿ ಮಲಗಿಸಿದ್ದು ಅಲ್ಲಿ. ತನ್ನ ಮೂವತ್ತಾರರಿಂದ ನಲವತ್ತೇಳರವರೆಗಿನ ವಯಸ್ಸು ಕಳೆದದ್ದೂ ಅಲ್ಲೇ. ಮನೆಯ ಕಾಗದ ದೊಡ್ಡಣ್ಣನ ಹೆಸರಿನಲ್ಲಿತ್ತು; ಹಿರಿಯರ ಪೀಠಕ್ಕೆ ಧೂಪ ಹಾಕಬೇಕಾದವನು ಅವನೇ ಎಂದು ತಾಯಿ ಬರೆಸಿದ್ದಳು. ಅವನು ನಲವತ್ತು ಕಿಲೋಮೀಟರ್ ದೂರದ ಪೇಟೆಯಲ್ಲಿ ಮೀನಿನ ಮೇವು ಮಾರುತ್ತಿದ್ದ. ಧೂಪ ಹಾಕುತ್ತಿದ್ದವಳು ಲುವಾ.

ದೊಡ್ಡಣ್ಣ ಖೋಯ್ ಹತ್ತು ಗಂಟೆಗೆ ಬಂದ. ಬೈಕಿನ ಹಿಂದೆ ಹೆಂಡತಿ ಕುಕ್ ಅಂಗಡಿಯ ಬಣ್ಣದ ಕಾಗದ ಹಿಡಿದು ಕೂತಿದ್ದಳು. ಅವನು ಚಪ್ಪಲಿ ಬಿಟ್ಟು, ಪೀಠಕ್ಕೆ ಮೂರು ಕಡ್ಡಿ ಧೂಪ ಹಚ್ಚಿ, ಒಂದು ಗಳಿಗೆ ತಾಯಿಯ ಪಟ ನೋಡುತ್ತ ನಿಂತ. ಅವನ ಕಣ್ಣು ನೀರಾದದ್ದು ಸುಳ್ಳಲ್ಲ.

"ಹನ್ನೊಂದು ವರ್ಷ ಆ ಹದಿನಾಲ್ಕು ಇಂಚಿನ ಡಬ್ಬಿಯಲ್ಲಿ ನಾಟಕ ನೋಡಿ ನೋಡಿ ಕಣ್ಣು ಕಳ್ಕೊಂಡ್ಳು ಅಮ್ಮ. ಇನ್ನಾದ್ರೂ ದೊಡ್ಡದರಲ್ಲಿ ನೋಡ್ಲಿ," ಎಂದ.

ಆ ಹನ್ನೊಂದು ವರ್ಷದಲ್ಲಿ ಇದು ಯಾಕೆ ಹೊಳೆಯಲಿಲ್ಲ ಎಂಬ ಮಾತು ಲುವಾಳ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿ ಎಳನೀರು ತಂದಿಟ್ಟಳು.

ಕುಕ್ ಕಾಗದವನ್ನು ಮೇಜಿನ ಮೇಲೆ ಬಿಡಿಸಿದಳು. ಐವತ್ತು, ಐವತ್ತೈದು, ಅರವತ್ತೈದು ಎಂದು ಮೂರು ಚಿತ್ರ. ಪ್ರತಿಯೊಂದರ ಕೆಳಗೆ ಅಗಲ, ಎತ್ತರ, ಎಷ್ಟು ದೂರ ಕೂತು ನೋಡಬೇಕು ಎಂಬ ಲೆಕ್ಕ.

"ಐವತ್ತಕ್ಕೆ ಏಳಡಿ ಅಂತ ಬರೆದಿದ್ದಾರೆ," ಎಂದಳು ಲುವಾ. "ನಮ್ಮ ನಡುಮನೆ ಏಳಡಿ. ಸರಿಯಾಗಿ ಕೂರುತ್ತೆ. ನಾನು ಎರಡು ಸಲ ಅಳೆದೆ ದೊಡ್ಡಣ್ಣ."

"ಅರವತ್ತೈದಕ್ಕೆ?"

"ಒಂಬತ್ತೂವರೆ."

"ಅಷ್ಟು ಜಾಗ ಇಲ್ಲ," ಎಂದು ಕುಕ್ ಹಲಗೆಗಳ ಕಡೆ ನೋಡಿದಳು.

ಖೋಯ್ ಜೇಬಿನಿಂದ ಅಳತೆಯ ಟೇಪು ತೆಗೆದ. ಬಡಗಿಗಳ ಟೇಪು ಅದು. ಅಂಕಿಗಳ ಮೇಲೊಂದು ಸಾಲು, ಕೆಳಗೊಂದು ಸಾಲು. ಎರಡರಲ್ಲೂ ಕೆಂಪು ಮನೆ, ಕಪ್ಪು ಮನೆ ಸರದಿಯಾಗಿ ಬರುತ್ತವೆ. ಕೆಂಪಿನಲ್ಲಿ ಐಶ್ವರ್ಯ, ಅಧಿಕಾರ, ಸಂತಾನ. ಕಪ್ಪಿನಲ್ಲಿ ರೋಗ, ನಷ್ಟ, ಸಾವು. ಬಾಗಿಲಿರಲಿ, ಮಂಚವಿರಲಿ, ಈ ಕಡೆ ಕೆಂಪಿಗೆ ಬೀಳದ ಅಳತೆಯಲ್ಲಿ ಯಾರೂ ಏನನ್ನೂ ಮಾಡಿಸುವುದಿಲ್ಲ.

"ಟೀವಿಗೂ ಇದು ಬೇಕಾ?" ಎಂದಳು ಲುವಾ.

"ನಡುಮನೆಯಲ್ಲಿ, ಪೀಠದ ಪಕ್ಕದಲ್ಲಿ ಕೂರೋ ವಸ್ತು. ಬೇಡ್ವಾ?" ಅವನು ಟೇಪು ಎಳೆದ. "ಐವತ್ತು ಇಂಚಿಂದು ಅಗಲ ಹೇಳು."

"ನೂರ ಹನ್ನೊಂದೂವರೆ ಸೆಂಟಿಮೀಟರ್."

ಅವನ ಹೆಬ್ಬೆರಳು ಕೆಳಗಿನ ಸಾಲಿನ ಮೇಲೆ ನಿಂತಿತು. "ಕಪ್ಪು. ನಷ್ಟ. ಬೇಡ. ಐವತ್ತೈದು?" ಅದೂ ಕಪ್ಪು. "ಅರವತ್ತೈದು?"

"ನೂರ ನಲವತ್ತನಾಲ್ಕೂವರೆ," ಎಂದು ಕುಕ್ ಓದಿದಳು.

"ಕೆಂಪು! ನೋಡು, ಏಳಿಗೆ ಅಂತಿದೆ!"

ಲುವಾ ಹತ್ತಿರ ಬಂದು ನೋಡಿದಳು. ಹೋದ ವರ್ಷ ಬಡಗಿ ಸಾವ್ ಕಿಯೆಮ್ ತಾಯಿಗೆ ಪೀಠ ಮಾಡುವಾಗ ಟೇಪಿನ ಇನ್ನೊಂದು ತುದಿ ಹಿಡಿದವಳು ಅವಳೇ. ಆ ಮುದುಕ ಆಗ ಹೇಳಿದ್ದು ಚೆನ್ನಾಗಿ ನೆನಪಿತ್ತು.

"ದೊಡ್ಡಣ್ಣ, ಅದು ಕೆಳಗಿನ ಸಾಲು. ಗೋರಿಗೆ, ಪೀಠಕ್ಕೆ ನೋಡೋದು. ಬದುಕಿದೋರು ಬಳಸೋದಕ್ಕೆ ಮೇಲಿನ ಸಾಲು ನೋಡ್ಬೇಕಂತೆ. ಸಾವ್ ಮಾಮ ಹೇಳಿದ್ದು."

"ಅಮ್ಮನ ಗೋರಿ ಅಳೆದದ್ದು ಯಾವ ಸಾಲಲ್ಲಿ?"

"ಇದರಲ್ಲೇ. ಅದು ಗೋರಿ."

"ಆಮೇಲೆ ನನ್ನ ಅಂಗಡಿ ಏರಿತೋ ಇಳೀತೋ?"

"ಏರಿತು."

"ಮತ್ತೆ? ಕೈ ಹಿಡಿದ ಸಾಲನ್ನ ಬಿಟ್ಟು ಇನ್ನೊಂದಕ್ಕೆ ಹೋಗು ಅಂತೀಯಲ್ಲ. ನಿನ್ನ ಚಾಪೆಗೆ ಯಾವ ಸಾಲೂ ಬೇಕಿಲ್ಲ ಕಣೇ, ನೀನು ಸುಮ್ನಿರು."

"ಸಾವ್ ಮಾಮನ್ನೇ ಒಂದು ಮಾತು ಕೇಳೋಣ."

"ಅವನು ದೋಣಿ ಕಟ್ಟೋಕೆ ತೆಂಕಲಿಗೆ ಹೋಗಿದ್ದಾನೆ. ತಿಥಿಗೆ ಬರ್ತಾನೆ. ಅಲ್ಲೀವರೆಗೂ ಟೀವಿ ಕಾಯುತ್ತಾ?"

ಕುಕ್ ಎದ್ದು ಹೋಗಿ ಹಲಗೆಗಳ ಮೇಲೆ ಬೆರಳಿನಿಂದ ತಟ್ಟಿದಳು, ಕಲ್ಲಂಗಡಿ ಹಣ್ಣು ತಟ್ಟಿ ನೋಡಿದಂತೆ. "ಮೊಳೆ ಕಿತ್ತರೆ ಒಂದೇ ದಿನದ ಕೆಲಸ. ಅತ್ತೆಯವರು ಇದ್ದಾಗ ಮರೆ ಬೇಕಿತ್ತು. ಈಗ ಯಾರಿಗೆ ಮರೆ?"

"ನಾನು ಮಲಗ್ತೀನಿ ಅತ್ತಿಗೆ ಅಲ್ಲಿ."

"ಒಂದು ಜೀವಕ್ಕೆ ಎಷ್ಟು ಜಾಗ ಬೇಕು ಲುವಾ?"

ಖೋಯ್ ತಂಗಿಯ ಮುಖ ನೋಡದೆ ಟೇಪನ್ನು ಸುತ್ತಿಕೊಂಡ. "ಅಡುಗೆಮನೆ ಹಿಂದೆ ಶೀಟು ಹಾಕಿ ನಿನಗೊಂದು ಕೋಣೆ ಕಟ್ಟಿಸ್ತೀನಿ. ಇಟ್ಟಿಗೆದೇ. ಅಮ್ಮನ ಮುಂದೆ ನಿಂತು ಹೇಳ್ತಿದ್ದೀನಿ. ತಿಥಿ ಒಂದು ಮುಗೀಲಿ. ಅಲ್ಲೀವರೆಗೂ ಮಗ್ಗದ ಕೊಟ್ಟಿಗೆ ಇದೆಯಲ್ಲ."

ಎರಡು ದಿನ ಕಳೆದು ಪೇಟೆಯಿಂದ ಇಬ್ಬರು ಕೂಲಿಯವರು ಬಂದರು. ಹಲಗೆಗಳು ಎಷ್ಟು ಹಳೆಯವಾಗಿದ್ದವೆಂದರೆ ಮೊಳೆಗಳು ಕೂಗಲೂ ಇಲ್ಲ. ಮಂಚ ಇದ್ದಲ್ಲಿ ನೆಲದ ಸಿಮೆಂಟು ನಾಲ್ಕು ಕಡೆ ಗುಳಿ ಬಿದ್ದಿತ್ತು, ಕಾಲುಗಳ ಗುರುತು. ಕೂಲಿಯವರು ಅದಕ್ಕೂ ಗಾರೆ ಬಳಿದು ಸಮ ಮಾಡಿದರು. ಲುವಾ ತನ್ನ ಪೆಟ್ಟಿಗೆಯನ್ನೂ ಸೊಳ್ಳೆಪರದೆಯನ್ನೂ ಕೊಟ್ಟಿಗೆಗೆ ಒಯ್ದಳು. ಮಂಚ ಅಲ್ಲಿ ಹಿಡಿಸಲಿಲ್ಲ. ಅದನ್ನು ಕುಕ್ ಪೇಟೆಗೆ ಸಾಗಿಸಿದಳು.

ಮರುದಿನ ಟೀವಿ ದೋಣಿಯಲ್ಲಿ ಬಂತು. ನಾಲ್ಕು ಜನ ಹೊತ್ತು ತಂದು ನಿಲ್ಲಿಸಿದ ಮೇಲೆ ಬಲಗೋಡೆಯ ಕಿಟಕಿ ಅರ್ಧ ಮುಚ್ಚಿಹೋಯಿತು. ನಡುಹಗಲಲ್ಲೂ ನಡುಮನೆಯಲ್ಲಿ ದೀಪ ಹಾಕಬೇಕಾಯಿತು.

"ಬೇಕಿತ್ತಾ ಇದು, ಎಮ್ಮೆ ತಂದು ಒಳಗೆ ಕಟ್ಟಿದ ಹಾಗೆ," ಎಂದಳು ಮೆನ್, ಬಾಗಿಲಲ್ಲಿ ನಿಂತು. ಆದರೆ ಪರದೆಯ ಮೇಲೆ ಮೀನಿನ ಚಿತ್ರ ಮೂಡಿದಾಗ ಅವಳೇ ಮೊದಲು ಒಳಗೆ ಬಂದು ಕೂತಳು.

ತಿಥಿಯ ದಿನ ಅರವತ್ತು ಜನ ಸೇರಿದರು. ತೆಂಗಿನ ನೀರಲ್ಲಿ ಬೆಂದ ಹಂದಿಮಾಂಸ ಮತ್ತು ಮೊಟ್ಟೆ, ತುಂಬಿದ ಹಾಗಲಕಾಯಿಯ ಸಾರು, ಬಾಳೆಲೆಯಲ್ಲಿ ಕಟ್ಟಿದ ಅಂಟಕ್ಕಿಯ ಕಡುಬು, ಎಲ್ಲವನ್ನೂ ಲುವಾ ಹಿಂದಿನ ದಿನದಿಂದ ನಿಂತು ಮಾಡಿಸಿದ್ದಳು. ಹಿರಿಯರಿಗೆ ಎಡೆಯಿಟ್ಟು, ಜನ ಉಂಡು, ಅಕ್ಕಿಯ ಸಾರಾಯಿ ಎರಡು ಸುತ್ತು ಬಂದ ಮೇಲೆ ಹಾಡು ಶುರುವಾಯಿತು. ಪರದೆಯ ಮೇಲಿನ ಅಕ್ಷರ ಅಂಗಳದ ಕೊನೆಯ ಮೇಜಿಗೂ ಕಾಣುತ್ತಿತ್ತು. ಖೋಯ್‌ನ ಮುಖ ಅಗಲವಾಗಿತ್ತು.

ಸಾವ್ ಕಿಯೆಮ್ ತಡವಾಗಿ ಬಂದ. ಧೂಪ ಹಾಕಿ, ಲೋಟ ಹಿಡಿದು, ಹಲಗೆಯ ಗೋಡೆ ಇದ್ದ ಕಡೆ ನೋಡಿ ತುಸು ನಿಂತ. ಆ ಗೋಡೆಯನ್ನು ಕಟ್ಟಿದವನು ಅವನ ತಂದೆ.

"ಮಾಮ, ನೋಡಿ!" ಎಂದು ಖೋಯ್ ಕರೆದ. "ನಿಮ್ಮ ಶಾಸ್ತ್ರದ ಪ್ರಕಾರವೇ ಅಳೆದು ತಂದದ್ದು. ನೂರ ನಲವತ್ತನಾಲ್ಕೂವರೆ. ಏಳಿಗೆ!"

ಮುದುಕ ಹುಬ್ಬು ಗಂಟಿಕ್ಕಿದ. "ಏಳಿಗೆನಾ? ಟೇಪು ತಾ."

ಅವನು ಟೇಪನ್ನು ಎಳೆದು, ಕಣ್ಣಿನ ಹತ್ತಿರ ಹಿಡಿದು, ಅದನ್ನು ಖೋಯ್‌ನ ಕೈಗೇ ಕೊಟ್ಟ. "ಇದು ಸತ್ತೋರ ಸಾಲು ಕಣಯ್ಯ. ಮೇಲಿಂದು ಓದು."

ಖೋಯ್ ಓದಿದ. ತುಟಿ ಅಲುಗಿತು, ದನಿ ಬರಲಿಲ್ಲ.

"ಜೋರಾಗಿ."

"ಅಗಲಿಕೆ."

ಹಾಡುತ್ತಿದ್ದವನು ಮೈಕು ಕೆಳಗಿಳಿಸಿದ. ಪರದೆಯ ಮೇಲೆ ಅಕ್ಷರಗಳು ಮಾತ್ರ ಹಾಡಿಲ್ಲದೆ ಸರಿಯುತ್ತಿದ್ದವು.

"ಬೇರೆ ಅಳತೆ ಇರಲಿಲ್ವೇನೋ?" ಎಂದ ಮುದುಕ.

"ಐವತ್ತಿಂಚಿಂದು ಇತ್ತು ಮಾಮ," ಎಂದಳು ಲುವಾ, ತಟ್ಟೆಗಳ ರಾಶಿ ಎದೆಗೊತ್ತಿ ನಿಂತಿದ್ದವಳು. "ನೂರ ಹನ್ನೊಂದೂವರೆ."

ಮುದುಕ ಟೇಪು ನೋಡಿದ. "ಕೆಂಪು. ಅಧಿಕಾರ." ಅವನು ಲೋಟವನ್ನು ಕೆಳಗಿಟ್ಟ. "ಇರಲಿ. ಹೊಸ ಸಾಮಾನು, ಅಂಗಡಿಯವರು ಬದಲಾಯಿಸಿ ಕೊಡ್ತಾರೆ. ಹಲಗೆ ಎಲ್ಲಿವೆ? ಗೋಡೆ ನಾನೇ ಮತ್ತೆ ನಿಲ್ಲಿಸ್ತೀನಿ. ಕೂಲಿ ಬೇಡ. ನಿಮ್ಮಮ್ಮನ ಲೆಕ್ಕಕ್ಕೆ."

ಹಲಗೆಗಳು ಅಡುಗೆಮನೆಯ ಹಿಂದೆ ಇದ್ದವು. ಒಂದೂ ಒಡೆದಿಲ್ಲ ಎಂದು ಲುವಾಳಿಗೆ ಗೊತ್ತಿತ್ತು. ಅವಳು ದಿನವೂ ಅವನ್ನು ನೋಡುತ್ತಿದ್ದಳು. ಅವಳು ಅಣ್ಣನ ಕಡೆ ತಿರುಗಿದಳು. ಅವನ ಹಣೆಯ ಮೇಲೆ ಬೆವರಿತ್ತು, ಬಾಯಿ ಅರ್ಧ ತೆರೆದಿತ್ತು. ಹೂಂ ಎನ್ನುತ್ತಾನೆ ಎಂದು ಅವಳಿಗೆ ಒಂದು ಉಸಿರಿನಷ್ಟು ಹೊತ್ತು ಅನ್ನಿಸಿತು.

"ಅಲ್ಲ ಮಾಮ," ಎಂದಳು ಕುಕ್, ನಗುನಗುತ್ತಲೇ, "ಅಗಲಿಕೆ ಅಂತ ತಾನೇ ಬರೆದಿರೋದು? ಅದು ಆಗಲೇ ಆಗಿಹೋಯ್ತಲ್ಲ. ಲುವಾ ಕೊಟ್ಟಿಗೆಗೆ ಹೋದಳು. ಮನೆ ಬಿಟ್ಟು ಒಬ್ಬರು ಹೋದ ಹಾಗಾಯ್ತು, ದೋಷ ಕಳೀತು. ಈಗ ಅವಳನ್ನ ಮತ್ತೆ ಒಳಗೆ ತಂದ್ರೆ ಇನ್ನೊಬ್ಬರು ಹೋಗ್ಬೇಕಾಗುತ್ತೆ. ಯಾರನ್ನ ಕಳಿಸೋಣ, ನನ್ನನ್ನಾ?"

ಯಾರೋ ಪಕ್ಕನೆ ನಕ್ಕರು. ಬಿಗಿದು ನಿಂತಿದ್ದ ಸಭೆಗೆ ಅದೇ ಸಾಕಾಯಿತು. ಮೇಜಿನಿಂದ ಮೇಜಿಗೆ ನಗು ಹೋಯಿತು. "ಕುಕ್ ಅಕ್ಕನ ತಲೆ ನೋಡಿ!" ಎಂದರು. "ಬರೀ ಒಂದು ಕೊಟ್ಟಿಗೆಯಲ್ಲಿ ಗಂಡಾಂತರ ಮುಗಿಸಿದಳು!" ಎಂದರು. ಖೋಯ್ ಕರವಸ್ತ್ರದಿಂದ ಹಣೆ ಒರೆಸಿಕೊಂಡ.

"ಟೇಪು ಹಾಗೆಲ್ಲ ಹೇಳಲ್ಲಮ್ಮ," ಎಂದ ಮುದುಕ. ಆದರೆ ಅಷ್ಟರಲ್ಲಿ ಮೈಕು ಮತ್ತೆ ಮೇಲೆದ್ದಿತ್ತು.

ಇಳಿಹೊತ್ತಿಗೆ ಜನ ಚದುರಿದರು. ಲುವಾ ಪಾತ್ರೆಗಳನ್ನು ಕಾಲುವೆಯ ಮೆಟ್ಟಿಲಲ್ಲಿ ತೊಳೆದು, ಕವುಚಿಟ್ಟು, ಕೈ ಒರೆಸಿಕೊಂಡು ಒಳಗೆ ಬಂದಳು. ಅಣ್ಣ ಹೊರಡುವ ಸನ್ನಾಹದಲ್ಲಿದ್ದ. ನಡುಮನೆಗೆ ಹೊಸ ಬೀಗ ತಂದಿದ್ದ.

"ಬೀಗದ ಕೈ ನಿನ್ನ ಹತ್ರಾನೇ ಇರ್ಲಿ," ಎಂದ. "ಬೆಳಿಗ್ಗೆ ಸಂಜೆ ತೆಗೆದು ಧೂಪ ಹಾಕು. ಒಳಗೆ ಮಾತ್ರ ಮಲಗ್ಬೇಡ. ಅತ್ತಿಗೆ ಹೇಳಿದ್ದು ತಮಾಷೆಗೇ ಇರಬಹುದು, ಆದ್ರೂ..."

ಲುವಾ ಬೀಗದ ಕೈ ತೆಗೆದುಕೊಳ್ಳಲಿಲ್ಲ.

"ಅಗಲಿದೋಳು ಧೂಪ ಹಾಕಬಾರದು ದೊಡ್ಡಣ್ಣ."

"ಏನು?"

"ಮನೆ ಬಿಟ್ಟು ಹೋದೋಳು ಅಂತ ಅರವತ್ತು ಜನದ ಮುಂದೆ ಆಯ್ತಲ್ಲ. ಅರ್ಧ ಅಗಲಿಕೆ ಆದ್ರೆ ದೋಷ ಕಳೀತದಾ? ಪೂರ್ತಿನೇ ಆಗ್ಲಿ. ಕಾಗದ ನಿಮ್ಮ ಹೆಸರಲ್ಲಿದೆ. ಧೂಪವೂ ನಿಮ್ಮದೇ."

ಇಷ್ಟು ಮಾತನ್ನು ಅವಳು ಅಣ್ಣನ ಎದುರು ಯಾವತ್ತೂ ಆಡಿರಲಿಲ್ಲ. ಧೂಪ ಹಾಕಲು ಅವನಿನ್ನು ದಿನಕ್ಕೆರಡು ಸಲ ನಲವತ್ತು ಕಿಲೋಮೀಟರ್ ಬರಬೇಕು; ಅವನು ಬೇಡುತ್ತಾನೆ, ಇಲ್ಲವೇ ಬೈಯುತ್ತಾನೆ ಎಂದುಕೊಂಡಿದ್ದಳು. ಎರಡಕ್ಕೂ ಎದೆ ಗಟ್ಟಿ ಮಾಡಿಕೊಂಡು ನಿಂತಿದ್ದಳು.

ಖೋಯ್ ಬೀಗದ ಕೈಯನ್ನೂ ಪೀಠವನ್ನೂ ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ.

"ಅದಕ್ಕೇನಂತೆ," ಎಂದಳು ಕುಕ್. ಪೇಟೆಯಿಂದ ತಂದ ಚೀಲದಲ್ಲಿ ಕೈಹಾಕಿ ಒಂದು ಡಬ್ಬಿ ತೆಗೆದಳು. ತಾವರೆಯ ಆಕಾರದ ಎರಡು ಕರೆಂಟಿನ ದೀಪ, ತುದಿಯಲ್ಲಿ ಕೆಂಪಗೆ ಉರಿಯುವ ಮೂರು ಪ್ಲಾಸ್ಟಿಕ್ಕಿನ ಧೂಪದ ಕಡ್ಡಿ. "ಹೇಗೂ ತಂದಿದ್ದೆ. ಹಗಲೂ ರಾತ್ರಿ ಉರೀತವೆ, ಬೂದಿನೂ ಬೀಳಲ್ಲ."

ಅವಳು ಅವನ್ನು ತಾಯಿಯ ಪಟದ ಮುಂದಿಟ್ಟಳು. ತಂತಿ ಗಿಡ್ಡವಾಗಿತ್ತು. ಟೀವಿಯ ಹಿಂದಿನ ಪ್ಲಗ್ಗಿಗೆ ಸಿಕ್ಕಿಸಿದಾಗ ಮೂರು ಕೆಂಪು ಚುಕ್ಕೆ ಒಮ್ಮೆಲೇ ಹೊತ್ತಿಕೊಂಡವು.

"ನೋಡು, ನಿನಗೂ ಬಿಡುವಾಯ್ತು," ಎಂದ ಖೋಯ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹಗುರವಿತ್ತು. ಬಾಗಿಲೆಳೆದು ಬೀಗ ಹಾಕಿ ಅದರ ಕೈಯನ್ನು ಜೇಬಿಗಿಳಿಸಿದ. ಬೈಕು ಹತ್ತಿದ ಮೇಲೆ ಏನೋ ಜ್ಞಾಪಿಸಿಕೊಂಡವನಂತೆ ತಿರುಗಿದ.

"ಆ ಕೋಣೆ. ಮರೆತಿಲ್ಲ ಕಣೇ. ಹೊಸವರ್ಷದ ಹಬ್ಬ ಕಳೀಲಿ, ಇಟ್ಟಿಗೆ ಹಾಕಿಸ್ತೀನಿ."

"ಹೂಂ," ಎಂದಳು ಲುವಾ.

ಹಬ್ಬ ಕಳೆಯಿತು. ಅದರ ಮುಂದಿನದೂ ಕಳೆಯಿತು.