ಕಾಣಲಿಲ್ಲವೆಂಬ ಸನ್ನೆ

ತಂಗಿ ರೆಫರಿಯ ಎತ್ತರದ ಕುರ್ಚಿಗೆ ಏಣಿ ಹತ್ತುವಾಗ ಅಕ್ಕ ಅಂಕಣದ ಮೂಲೆಯಲ್ಲಿ ಬಾವುಟ ಹಿಡಿದು ನಿಂತಿದ್ದಳು. ವಾಲಿಬಾಲ್ ನಿಯಮಗಳನ್ನು ತಂಗಿಗೆ ಬಾಯಿಪಾಠ ಮಾಡಿಸಿದವಳು ಅಕ್ಕ, ಸೀಟಿ ಊದಲು ಕಲಿಸಿದವಳೂ ಅವಳೇ. ಈಗ ಫೈನಲ್ ನಡೆಸಲು ತಂಗಿ, ಗೆರೆ ಕಾಯಲು ಅಕ್ಕ!

"ನೀನು ಆ ಮೂಲೇಲಿದ್ರೆ ನಂಗೆ ಧೈರ್ಯ ಅಕ್ಕಾ" ಎಂದಿದ್ದಳು ತಂಗಿ. ಹೌದಮ್ಮಾ, ನಾನು ಮೂಲೇಲೇ ಇರ್ಬೇಕಲ್ಲ, ಅಂದುಕೊಂಡಿದ್ದಳು ಅಕ್ಕ.

ಕೊನೆಯ ಸೆಟ್, ಹದಿನಾಲ್ಕು–ಹದಿಮೂರು. ಚೆಂಡು ಗೆರೆಯಿಂದ ಎರಡು ಬೆರಳು ಆಚೆ ಬಿತ್ತು. ಅಕ್ಕನಿಗೆ ನಿಚ್ಚಳವಾಗಿ ಕಂಡಿತು. ಬಾವುಟ ಎತ್ತಿದರೆ ಸಾಕು, ಔಟ್. ತಂಗಿ ಅವಳತ್ತ ತಿರುಗಿದಳು. ರೆಫರಿಗಳ ಮೇಲ್ವಿಚಾರಕರು ಆಚೆ ಬದಿಯಿಂದ ನೋಡುತ್ತಿದ್ದರು. ಒಂದೇ ಒಂದು ಸಲ ಇವಳು ತಡಬಡಾಯಿಸಲಿ ಎಂದು ಅಕ್ಕ ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟಳು: ನನಗೆ ಕಾಣಲಿಲ್ಲ.

ತಂಗಿ ತಡಬಡಾಯಿಸಲಿಲ್ಲ. ಎರಡೂ ಹೆಬ್ಬೆರಳು ಎತ್ತಿ, ಆ ಪಾಯಿಂಟನ್ನು ಮತ್ತೆ ಆಡಿಸಿದಳು. ಕೂಗಾಡಿದವರು ತಾವೇ ಸುಮ್ಮನಾದರು.

ಪಂದ್ಯ ಮುಗಿದ ಮೇಲೆ ಮೇಲ್ವಿಚಾರಕರು ತಂಗಿಯನ್ನು ಹೊಗಳಿ, ಅಕ್ಕನತ್ತ ತಿರುಗಿದರು. "ನಿಮ್ಮ ಕಾಲಬುಡದಲ್ಲೇ ಬಿತ್ತಲ್ಲಮ್ಮಾ! ಕಣ್ಣು ಪರೀಕ್ಷೆ ಮಾಡಿಸಿ ಚೀಟಿ ತನ್ನಿ. ಅಲ್ಲೀತನಕ ಬಾವುಟ ಮುಟ್ಬೇಡಿ."

ಮರುದಿನ ಕಣ್ಣಿನ ಡಾಕ್ಟರ ಬಳಿಗೆ ತಂಗಿಯೇ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಕೈ ಬಿಡಲಿಲ್ಲ.

"ಹೆದರ್ಕೋಬೇಡ ಅಕ್ಕಾ. ಕಣ್ಣು ಮಂಜು ಅಂದ್ರೂ ಪರವಾಗಿಲ್ಲ, ನಾನು ಹೇಳಿ ನಿನ್ನನ್ನ ಅಂಕ ಬರೆಯೋ ಮೇಜಲ್ಲಿ ಕೂರಿಸ್ತೀನಿ."

ಕೂರಿಸ್ತಾಳಂತೆ! ಇವಳು, ನನ್ನನ್ನ!

ಗೋಡೆಯ ಹಲಗೆಯ ಮೇಲೆ ಅಕ್ಷರಗಳು ಸಾಲುಸಾಲಾಗಿ ಕಿರಿದಾಗುತ್ತಾ ಹೋಗಿದ್ದವು. ಓದದಿದ್ದರೆ ಬಾವುಟ ಹೋಯಿತು. ಓದಿದರೆ ಬೆನ್ನ ಹಿಂದೆ ಕೂತ ತಂಗಿಗೆ ನಿನ್ನೆಯದೆಲ್ಲ ತಿಳಿಯುತ್ತದೆ. ಆದರೆ ಆ ಮೇಜು ನೆನಪಾದದ್ದೇ ತಡ, ಅಕ್ಕ ಕೊನೆಯ ಸಾಲನ್ನು ಗಡಗಡನೆ ಓದಿದಳು. ಅದರ ಕೆಳಗಿದ್ದ ಮುದ್ರಕರ ವಿಳಾಸವನ್ನೂ ಬಿಡಲಿಲ್ಲ.

"ಹದ್ದಿನ ಕಣ್ಣು ಕಣಮ್ಮಾ ನಿಮ್ದು!" ಡಾಕ್ಟರು ನಕ್ಕು, ಚೀಟಿ ಬರೆಯಲು ಒಳಗೆ ಹೋದರು.

ತಂಗಿ ತನ್ನ ಕುರ್ಚಿಯನ್ನು ಅಕ್ಕನ ಎದುರಿಗೆ ಎಳೆದುಕೊಂಡಳು.

"ಅಕ್ಕಾ, ನಿನ್ನೆ ನಿಂಗೆ ಕಂಡಿತ್ತು ಅಲ್ವಾ?"

ಅಕ್ಕನ ಕೈಗಳು ತಾವಾಗಿಯೇ ಎದೆಯ ಕಡೆಗೆ ಎದ್ದವು, ಅರ್ಧದಲ್ಲೇ ಇಳಿದವು.

"ಎರಡು ಬೆರಳು ಆಚೆ ಬಿತ್ತು" ಎಂದಳು.